ಐದನೇ ನಂಬರಿನವನು ಊರಿಗೆ ಬಂದಾಗ

ಕುಂದಾಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬಿ.ಕಾಂ. ಮುಗಿಸಿ, ಮುಂಬಯಿಯ ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂಡಿಸಿ ಕಳೆದವನಿಗೂ ಅಮೆರಿಕದ ಬೇಸ್‌ಬಾಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಆದರೆ 2022ರಲ್ಲಿ ಒಬ್ಬ ನಲವತ್ತೆರಡು ವರ್ಷದ ಆಟಗಾರ ತಾನು ಬಿಟ್ಟು ಹೋದ ಊರಿಗೆ ಮರಳಿ ಬಂದ ಕಥೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅದರ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ. ಅದು ಬೇಸ್‌ಬಾಲಿನಿಂದ ಶುರುವಾಗಿ ನಮ್ಮೂರ ದೇವಸ್ಥಾನದವರೆಗೆ ಬರುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಮಗಳು ಇರುವುದು ಅಮೆರಿಕದ ಸೇಂಟ್ ಲೂಯಿಸ್ ಎಂಬ ಊರಿನಲ್ಲಿ. ಮಿಸಿಸಿಪ್ಪಿ ನದಿಯ ದಂಡೆ, ಹತ್ತಿರದಲ್ಲೇ 630 ಅಡಿ ಎತ್ತರದ ದೊಡ್ಡದೊಂದು ಕಮಾನು. 2022ರಲ್ಲಿ ಅವಳ ಬಾಣಂತನಕ್ಕೆ ಅಂತ ಹೆಂಡತಿ ಮೊದಲೇ ಹೋಗಿದ್ದಳು. ನಾನು ಆಗಸ್ಟಿನಲ್ಲಿ ಮೂರು ವಾರ ರಜೆ ಹೊಂದಿಸಿಕೊಂಡು ಹೋದೆ. ಬಾಣಂತಿ ಮನೆಯಲ್ಲಿ ಗಂಡಸರಿಗೆ ಏನು ಕೆಲಸ? ಮಗು ಮಲಗಿದಾಗ ಟೀವಿ ಹಾಕುವ ಹಾಗಿಲ್ಲ, ಫೋನಿನಲ್ಲಿ ಜೋರಾಗಿ ಮಾತಾಡುವ ಹಾಗಿಲ್ಲ. ಹೀಗೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದ ಮನೆಯ ಅಜ್ಜನ ಪರಿಚಯವಾಯಿತು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಮೈಮೇಲೆ ಕೆಂಪು ಅಕ್ಷರದ ಬಿಳಿ ಅಂಗಿ, ಬೆನ್ನಿಗೆ 5 ಅಂತ ನಂಬರು, ಮೇಲೆ 'ಪುಹೋಲ್ಸ್' ಅಂತ ಹೆಸರು. ಅಂಗಿಯಲ್ಲಿ ಮಡಿಕೆಯ ಗೆರೆಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಬಹಳ ಕಾಲ ಪೆಟ್ಟಿಗೆಯಲ್ಲಿ ಇತ್ತು ಅಂತ ನೋಡಿದರೇ ತಿಳಿಯುತ್ತಿತ್ತು.

ಕೇಳಿದೆ. ಅಜ್ಜ ಹೇಳಿದ: "ಹತ್ತು ವರ್ಷ ನೆಲಮಾಳಿಗೆಯಲ್ಲಿ ಇಟ್ಟಿದ್ದೆ. ಸುಡಬೇಕು ಅಂತಲೇ ಇದ್ದೆ. ನನ್ನ ಹೆಂಡತಿ ಬಿಡಲಿಲ್ಲ."

ಆಲ್ಬರ್ಟ್ ಪುಹೋಲ್ಸ್ ಹುಟ್ಟಿದ್ದು 1980ರಲ್ಲಿ, ಡೊಮಿನಿಕನ್ ರಿಪಬ್ಲಿಕ್ ಎಂಬ ಪುಟ್ಟ ದೇಶದ ಸಾಂತೊ ದೊಮಿಂಗೊದಲ್ಲಿ. ಹದಿನಾರರ ಸುಮಾರಿಗೆ ಮನೆಯವರೊಡನೆ ಅಮೆರಿಕಕ್ಕೆ ಬಂದ. ನಮ್ಮ ಹಾಗೆಯೇ ವಲಸಿಗ. 1999ರಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸುವಾಗ 401 ಹುಡುಗರ ಹೆಸರು ಕೂಗಿದ ಮೇಲೆ 402ನೆಯವನಾಗಿ ಇವನನ್ನು ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್ ತಂಡ ತೆಗೆದುಕೊಂಡಿತು. ಯಾರಿಗೂ ಬೇಡವಾಗಿದ್ದ ಹುಡುಗ 2001ರಲ್ಲಿ ಆಡಲು ಇಳಿದು ಮೊದಲ ವರ್ಷವೇ 37 ಹೋಮ್ ರನ್ ಹೊಡೆದ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಅಂದುಕೊಳ್ಳಿ, ಆದರೆ ಅದಕ್ಕಿಂತ ತುಂಬ ಅಪರೂಪ. ಆಮೇಲೆ 2005, 2008, 2009ರಲ್ಲಿ ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ. 2006ರಲ್ಲೂ 2011ರಲ್ಲೂ ಊರಿಗೆ ವರ್ಲ್ಡ್ ಸೀರೀಸ್ ಕಪ್ಪು. ಹನ್ನೊಂದು ವರ್ಷದಲ್ಲಿ 445 ಹೋಮ್ ರನ್. ಊರಿನವರು ಅವನನ್ನು ಮನೆಮಗನ ಹಾಗೆ ನೋಡಿಕೊಂಡರು.

2011ರ ಅಕ್ಟೋಬರಿನಲ್ಲಿ ಕಪ್ಪು ಗೆದ್ದರು. ಡಿಸೆಂಬರಿನಲ್ಲಿ ಅವನು ಊರು ಬಿಟ್ಟ. ಲಾಸ್ ಏಂಜಲೀಸ್ ಕಡೆಯ ಏಂಜಲ್ಸ್ ತಂಡ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ಕೊಂಡಿತು. ಇಲ್ಲಿನವರೂ ಕೊಡುತ್ತೇವೆ ಅಂದಿದ್ದರು, ಆದರೆ ಅಷ್ಟಲ್ಲ. ಅಜ್ಜ ಅಂಗಿ ಮಡಚಿ ಕೆಳಗಿಟ್ಟಿದ್ದು ಆಗ.

ನನಗೆ ಅಜ್ಜನ ಸಿಟ್ಟು ಅರ್ಥವಾಯಿತು. ಆದರೆ ನಿಜ ಹೇಳುತ್ತೇನೆ, ನನ್ನ ಮನಸ್ಸು ನಿಂತಿದ್ದು ಪುಹೋಲ್ಸ್ ಪರ. ಹೆಚ್ಚು ಸಂಬಳ ಕೊಡುವ ಕಡೆ ಹೋದವನನ್ನು ಬೈಯುವ ಹಕ್ಕು ನಮಗೆಲ್ಲಿದೆ? 1990ರಲ್ಲಿ ಟ್ರಂಕು ಹಿಡಿದು ಮುಂಬಯಿ ಬಸ್ಸು ಹತ್ತುವಾಗ ನಾನು ಊರಿನ ಸೇವೆ ಮಾಡಲಿಕ್ಕೆ ಹೊರಟಿದ್ದೆನೇ? ಇಲ್ಲ. ಊರಿನಲ್ಲಿ ಸಿಗುವುದಕ್ಕಿಂತ ಇಲ್ಲಿ ಹೆಚ್ಚು ಸಿಗುತ್ತದೆ ಅಂತಲೇ ಬಂದೆ. ಇದನ್ನು ಓದುತ್ತಿರುವ ನೀವೂ ಹಾಗೇ ಬಂದವರು. ಪುಣೆಯಾಗಲಿ, ಚೆನ್ನೈಯಾಗಲಿ, ದಿಲ್ಲಿಯಾಗಲಿ.

ಏಂಜಲ್ಸ್ ತಂಡದಲ್ಲಿ ಅವನ ಬಾಳು ಅಂದುಕೊಂಡ ಹಾಗೆ ನಡೆಯಲಿಲ್ಲ. ಕಾಲು ನೋವು, ವಯಸ್ಸು. 600ನೇ ಹೋಮ್ ರನ್ ಹೊಡೆದ (2017), 3000ನೇ ಹಿಟ್ ಹೊಡೆದ (2018), ಲೆಕ್ಕ ಬೆಳೆಯುತ್ತಿತ್ತು. ಆದರೆ ಅವನಿದ್ದ ಕಾಲದಲ್ಲಿ ತಂಡ ಒಂದೇ ಒಂದು ಸಲ, 2014ರಲ್ಲಿ, ಮುಂದಿನ ಸುತ್ತಿಗೆ ಹೋಗಿ ಮೂರಕ್ಕೆ ಮೂರೂ ಸೋತು ಬಂತು. 2021ರ ಮೇ ತಿಂಗಳಲ್ಲಿ, ಒಪ್ಪಂದ ಮುಗಿಯಲು ಕೆಲವೇ ತಿಂಗಳಿರುವಾಗ, ಅವನನ್ನು ತಂಡದಿಂದ ಕೈಬಿಟ್ಟರು. ಡಾಡ್ಜರ್ಸ್ ತಂಡ ಆ ವರ್ಷದ ಉಳಿದ ಭಾಗಕ್ಕೆ ಇಟ್ಟುಕೊಂಡಿತು. ವರ್ಷದ ಕೊನೆಗೆ ಹೋಮ್ ರನ್ ಲೆಕ್ಕ 679.

ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದಿದೆ. ಕಣ್ಣಿಗೆ ಕಾಣದ ಆಸ್ತಿ. ಒಂದು ವ್ಯಾಪಾರವನ್ನು ಹೆಚ್ಚು ದುಡ್ಡು ಕೊಟ್ಟು ಕೊಂಡರೆ ಆ ಹೆಚ್ಚಿನ ಮೊತ್ತವನ್ನು ಗುಡ್‌ವಿಲ್ ಅಂತ ಪುಸ್ತಕದಲ್ಲಿ ಬರೆಯಬಹುದು. ಆದರೆ ನೀವೇ ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು, ಗಿರಾಕಿಗಳ ಹತ್ತಿರ ನಗುತ್ತಾ ಮಾತಾಡಿ ಸಂಪಾದಿಸಿದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಅದಕ್ಕೆ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ ಅಂತ ನಿಯಮ. ಕೊಂಡ ಗುಡ್‌ವಿಲ್ ಒಂದಲ್ಲ ಒಂದು ದಿನ ಪುಸ್ತಕದಿಂದ ಕಳೆದು ಹೋಗುತ್ತದೆ. ಬರೆಯದೇ ಇದ್ದದ್ದನ್ನು ಕಳೆಯುವುದು ಹೇಗೆ?

ಏಂಜಲ್ಸ್‌ನವರು 24 ಕೋಟಿ ಕೊಟ್ಟು ಕೊಂಡದ್ದು ಮೊದಲನೆಯದು. ಹತ್ತು ವರ್ಷದಲ್ಲಿ ಸವೆದು ಸೊನ್ನೆಯಾಯಿತು. ಸೇಂಟ್ ಲೂಯಿಸ್‌ನಲ್ಲಿ ಅವನು ಹನ್ನೊಂದು ವರ್ಷ ಗಳಿಸಿದ್ದು ಎರಡನೆಯದು. ಅದು ಯಾರ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಯಾರೂ ಕಳೆಯಲಿಲ್ಲ.

ಇದಕ್ಕೆ ಸಾಕ್ಷಿ 2019ರಲ್ಲೇ ಸಿಕ್ಕಿತ್ತು. ಆ ವರ್ಷ ಜೂನ್ 21ರಂದು ಅವನು ಎದುರಾಳಿ ತಂಡದ ಆಟಗಾರನಾಗಿ ಏಳೂವರೆ ವರ್ಷದ ಮೇಲೆ ಹಳೆಯ ಊರಿಗೆ ಬಂದ. ಬ್ಯಾಟು ಹಿಡಿದು ಒಳಗೆ ಬರುತ್ತಿದ್ದಂತೆ ಇಡೀ ಮೈದಾನ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಊರಿನ ತಂಡದ ಕ್ಯಾಚರ್ ಯಾದಿಯೆರ್ ಮೊಲಿನಾ, ಇವನ ಹಳೆಯ ಗೆಳೆಯ, ತನ್ನ ಜಾಗ ಬಿಟ್ಟು ಮುಂದೆ ಬಂದು ಅಪ್ಪಿಕೊಂಡ. ಮರುದಿನ ಇವನು ಊರಿನ ತಂಡದ ವಿರುದ್ಧವೇ ಹೋಮ್ ರನ್ ಹೊಡೆದ. ಆಗಲೂ ಚಪ್ಪಾಳೆ! ಅಜ್ಜ ಆ ದಿನ ಮೈದಾನದಲ್ಲಿದ್ದನಂತೆ. "ನಾನು ಕೂತೇ ಇರಬೇಕು ಅಂತ ತೀರ್ಮಾನ ಮಾಡಿ ಹೋಗಿದ್ದೆ. ಕಾಲು ತಾನಾಗಿ ಎದ್ದು ನಿಂತಿತು" ಅಂದ.

ಕೊನೆಗೆ 2022ರ ಮಾರ್ಚ್ 28ರಂದು ಕಾರ್ಡಿನಲ್ಸ್ ತಂಡ ಅವನನ್ನು ಮತ್ತೆ ಕರೆಸಿಕೊಂಡಿತು. ಒಂದೇ ವರ್ಷಕ್ಕೆ. ಇದೇ ನನ್ನ ಕೊನೆಯ ವರ್ಷ ಅಂತ ಅವನೂ ಹೇಳಿಬಿಟ್ಟ. ಹಿಂದಿನ ವರ್ಷದ ಸಂಬಳ 3 ಕೋಟಿ ಡಾಲರ್, ಈಗ 25 ಲಕ್ಷ ಡಾಲರ್. ಹನ್ನೆರಡರಲ್ಲಿ ಒಂದು ಪಾಲು. ಕೆಲಸವೂ ಹಳೆಯದಲ್ಲ. ಆ ವರ್ಷದಿಂದ ಎರಡೂ ಲೀಗುಗಳಲ್ಲಿ ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವವನಿಗೆ ಕಾಯಂ ಜಾಗ ಬಂದಿತ್ತು. ಅದೂ ಇವನಿಗೆ ದಿನಾ ಸಿಗುವುದಿಲ್ಲ. ಹೆಚ್ಚಾಗಿ ಎಡಗೈ ಬೌಲರ್ (ಅವರು ಪಿಚ್ಚರ್ ಅನ್ನುತ್ತಾರೆ) ಇದ್ದ ದಿನ, ಇಲ್ಲವೇ ಮಧ್ಯದಲ್ಲಿ ಬೇರೆಯವರ ಬದಲಿಗೆ ಒಂದು ಸಲ ಬ್ಯಾಟ್ ಬೀಸಲು. ಉಳಿದ ದಿನ ಬೆಂಚು.

ಅಳಿಯನಿಗೆ ಈ ಸಂಭ್ರಮ ಹಿಡಿಸಲಿಲ್ಲ. ಸಾಫ್ಟ್‌ವೇರಿನವನು, ಲೆಕ್ಕಾಚಾರದ ಮನುಷ್ಯ. "ಮಾವ, ಇದು ಟಿಕೆಟು ಮಾರುವ ಉಪಾಯ. ಹಳೇ ಹೆಸರು ತೋರಿಸಿ ಅಂಗಿ, ಟೋಪಿ ಮಾರುತ್ತಾರೆ. ಪಾಪ, ಯಾವುದೋ ಹೊಸ ಹುಡುಗನ ಜಾಗ ಹೋಯಿತು" ಅಂದ. ತಳ್ಳಿಹಾಕುವ ಮಾತಲ್ಲ ಇದು. ಜುಲೈ ಮಧ್ಯದವರೆಗಿನ ಲೆಕ್ಕ ನೋಡಿದರೆ ಅಳಿಯನೇ ಸರಿ ಅನ್ನಬೇಕಿತ್ತು. ಬರೀ 6 ಹೋಮ್ ರನ್, ಸರಾಸರಿ .215. ಬೇಸ್‌ಬಾಲಿನಲ್ಲಿ ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆದರೆ ದೊಡ್ಡ ಆಟಗಾರ. (ನಮ್ಮ ಬ್ಯಾಂಕಿನಲ್ಲಿ ಹತ್ತು ಸಾಲದಲ್ಲಿ ಏಳು ಮುಳುಗಿದರೆ ಬಾಗಿಲು ಹಾಕಬೇಕು, ಇವರ ಆಟವೇ ಬೇರೆ.) ಇವನು ಹತ್ತಕ್ಕೆ ಎರಡು ಅಷ್ಟೇ.

ಊರಿಗೆ ಮರಳಿದ ಎಲ್ಲರ ಕಥೆಯೂ ಸುಖಾಂತವಲ್ಲ ಅನ್ನುವುದೂ ನಿಜ. ಸಿಯಾಟಲ್ ತಂಡದ ಕೆನ್ ಗ್ರಿಫಿ ಜೂನಿಯರ್ ಅಂತ ಒಬ್ಬ ಮಹಾನ್ ಆಟಗಾರ. ಅವನೂ ಬಿಟ್ಟು ಹೋಗಿ 2009ರಲ್ಲಿ ಮರಳಿ ಬಂದ. ಆ ವರ್ಷ 19 ಹೋಮ್ ರನ್ ಬಂದವು. ಇನ್ನೊಂದು ವರ್ಷ ಅಂತ ಉಳಿದ. 2010ರಲ್ಲಿ ಒಂದೂ ಇಲ್ಲ. ಜೂನ್ ಶುರುವಿನಲ್ಲೇ, ಸೀಸನ್ ಮಧ್ಯದಲ್ಲಿ, ಸಾಕು ಅಂತ ಹೊರಟ. ನಮ್ಮವರನ್ನೇ ನೋಡಿ. ಜಾವಗಲ್ ಶ್ರೀನಾಥ್ 2002ರಲ್ಲಿ ಟೆಸ್ಟ್ ಬಿಟ್ಟಾಗಿತ್ತು. ಗಂಗೂಲಿ ಒತ್ತಾಯಕ್ಕೆ ಮತ್ತೆ ಬಂದರು. 2003ರ ವಿಶ್ವಕಪ್ಪಿನಲ್ಲಿ 16 ವಿಕೆಟ್ ತೆಗೆದರು. ಆದರೆ ಫೈನಲಿನಲ್ಲಿ 10 ಓವರಿಗೆ 87 ರನ್, ವಿಕೆಟ್ ಇಲ್ಲ. ಮರುದಿನ ಲೋಕಲ್ ರೈಲಿನಲ್ಲಿ ಜನ ಆ 87ನ್ನು ಮಾತ್ರ ಹಿಡಿದು ಎಳೆದಾಡುತ್ತಿದ್ದರು. 'ನಿಮ್ಮ ಕರ್ನಾಟಕದವನು' ಅಂತ ನನ್ನನ್ನೂ ಸೇರಿಸಿ! 16ರ ಸುದ್ದಿ ಯಾರೂ ಎತ್ತಲಿಲ್ಲ.

ಹಾಗಾದರೆ ಹಳಬರನ್ನು ಮರಳಿ ಕರೆಯುವುದು ತಪ್ಪೇ? ನನ್ನ ಉತ್ತರ, ತಪ್ಪಲ್ಲ. ಆದರೆ ಎರಡು ಷರತ್ತು ಇದೆ. ಮೊದಲನೆಯದು, ಕರೆಯುವವರು ಹಳೆಯ ಲೆಕ್ಕ ತೆಗೆದು 'ಅವತ್ತು ಬಿಟ್ಟು ಹೋದೆಯಲ್ಲ' ಅಂತ ಬಡ್ಡಿ ಕೇಳಬಾರದು. ಎರಡನೆಯದು, ಬರುವವನು ಹಳೆಯ ಹೆಸರಿಗೆ ಹೊಸ ಸಂಬಳ ಕೇಳಬಾರದು. ಕೊಟ್ಟ ಜಾಗದಲ್ಲಿ ಕೂರಬೇಕು, ಕರೆದಾಗ ಏಳಬೇಕು. ಪುಹೋಲ್ಸ್ ವಿಷಯದಲ್ಲಿ ಎರಡೂ ಆಯಿತು. ಮೇ ತಿಂಗಳ ಒಂದು ಪಂದ್ಯದಲ್ಲಿ ಗೆಲುವು ಖಾತ್ರಿಯಾದ ಮೇಲೆ ಅವನ ಕೈಯಲ್ಲಿ ಚೆಂಡು ಕೊಟ್ಟು ಎಸೆಯಲು ಕಳಿಸಿದರು, ಇದ್ದ ಪಿಚ್ಚರುಗಳಿಗೆ ಬಿಡುವು ಕೊಡಲಿಕ್ಕೆ. ಇಪ್ಪತ್ತೆರಡು ವರ್ಷದ ಆಟದಲ್ಲಿ ಮೊದಲ ಸಲ. ನಾಲ್ಕು ರನ್ ಹೊಡೆಸಿಕೊಂಡ. ಮೂರು ಸಲ ಅತ್ಯುತ್ತಮ ಆಟಗಾರನಾದವನು ನಾನು ಇಂಥ ಕೆಲಸ ಮಾಡುವುದಿಲ್ಲ ಅನ್ನಲಿಲ್ಲ.

ಆಮೇಲೆ ಆದದ್ದು ಮಾತ್ರ ಯಾರೂ ಎಣಿಸಿರಲಿಲ್ಲ. ಜುಲೈ ಮಧ್ಯದಲ್ಲಿ ಆಲ್ ಸ್ಟಾರ್ ಪಂದ್ಯಕ್ಕೆ ಅವನನ್ನು ಗೌರವಕ್ಕಾಗಿ ಸೇರಿಸಿದ್ದರು. ಅಲ್ಲಿನ ಹೋಮ್ ರನ್ ಸ್ಪರ್ಧೆಯಲ್ಲಿ ಮಧ್ಯದಲ್ಲೇ ಎಲ್ಲ ತಂಡಗಳ ಹುಡುಗರು ಬಂದು ಇವನನ್ನು ಸುತ್ತುವರಿದು ಅಪ್ಪಿಕೊಂಡರು. ಬೀಳ್ಕೊಡುಗೆ ಅಂತ ಎಲ್ಲರೂ ತಿಳಿದುಕೊಂಡರು. ಇವನು ಆ ಸುತ್ತಿನಲ್ಲಿ ತನಗಿಂತ ಹದಿಮೂರು ವರ್ಷ ಚಿಕ್ಕವನಾದ ಕೈಲ್ ಶ್ವಾರ್ಬರ್‌ನನ್ನು ಸೋಲಿಸಿದ! ಅಲ್ಲಿಂದ ಮುಂದಿನ ಎರಡೂವರೆ ತಿಂಗಳಲ್ಲಿ 18 ಹೋಮ್ ರನ್.

ಆಗಸ್ಟ್ 18ರಂದು ಕೊಲೊರಾಡೊ ತಂಡದ ಎದುರಿನ ಪಂದ್ಯವನ್ನು ಅಜ್ಜನ ಮನೆಯಲ್ಲಿ ಕೂತು ನೋಡಿದೆ. ಇವನನ್ನು ಬೇರೊಬ್ಬನ ಬದಲಿಗೆ ಬ್ಯಾಟಿಗೆ ಕಳಿಸಿದರು. ಮೂರು ಬೇಸುಗಳಲ್ಲೂ ಆಟಗಾರರು ನಿಂತಿದ್ದರು. ಒಂದೇ ಹೊಡೆತಕ್ಕೆ ನಾಲ್ಕು ರನ್, ಅವರು ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ. ಅಜ್ಜ ಎದ್ದ, ನಾನೂ ಎದ್ದೆ. ಇಬ್ಬರೂ ಕೂಗಿದ್ದಕ್ಕೆ ಪಕ್ಕದ ಮನೆಯಲ್ಲಿ ನನ್ನ ಮೊಮ್ಮಗು ಎಚ್ಚರವಾಗಿ ಅಳತೊಡಗಿತು. ಹೆಂಡತಿಯಿಂದ ನನಗೆ ಸಿಕ್ಕ ಮಂಗಳಾರತಿ ಇಲ್ಲಿ ಬೇಡ.

ಮುಂದೊಂದು ದಿನ ಅಜ್ಜ ನನ್ನನ್ನು ಬುಶ್ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದ. ಆ ದಿನ ಪುಹೋಲ್ಸ್ ಏನೂ ಹೊಡೆಯಲಿಲ್ಲ. ಬಂದ, ಔಟಾದ, ಹೋದ. ಆದರೂ ಅವನು ಬಂದಾಗಲೂ ಜನ ಎದ್ದರು, ಔಟಾಗಿ ಹೋಗುವಾಗಲೂ ಎದ್ದರು. ನನ್ನ ಮುಂದಿನ ಸಾಲಿನಲ್ಲಿ ಎಂಟು ವರ್ಷದ ಹುಡುಗನೊಬ್ಬ 5 ನಂಬರಿನ ಅಂಗಿ ಹಾಕಿದ್ದ. ಇವನು ಊರು ಬಿಟ್ಟಾಗ ಆ ಹುಡುಗ ಹುಟ್ಟಿಯೇ ಇರಲಿಲ್ಲ. ಅವನಿಗೆ ಈ ಪ್ರೀತಿ ಯಾರೋ ಮನೆಯಲ್ಲಿ ಕೊಟ್ಟದ್ದು.

ನಾನು ಮುಂಬಯಿಗೆ ಮರಳಿದ ಮೇಲೆ 700ನೆಯದು ಬಂತು. ಲಾಸ್ ಏಂಜಲೀಸ್‌ನಲ್ಲಿ ಸೆಪ್ಟೆಂಬರ್ 23ರ ರಾತ್ರಿ, ನಮಗೆ 24ರ ಬೆಳಗ್ಗೆ. ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಫೋನಿನಲ್ಲಿ ನೋಡುತ್ತಾ ಕೂತೆ. ಮೊದಲು 699, ಮುಂದಿನ ಇನ್ನಿಂಗ್ಸಿನಲ್ಲೇ 700. ಬ್ಯಾರಿ ಬಾಂಡ್ಸ್, ಹ್ಯಾಂಕ್ ಆರನ್, ಬೇಬ್ ರೂತ್ ಬಿಟ್ಟರೆ ಆ ಲೆಕ್ಕ ಮುಟ್ಟಿದ ನಾಲ್ಕನೆಯವನು. ಚೆಂಡು ಸಿಕ್ಕ ಅಭಿಮಾನಿ ಅದನ್ನು ವಾಪಸ್ ಕೊಡಲಿಲ್ಲ. ಇಟ್ಟುಕೊಳ್ಳಲಿ, ಅದು ಅಭಿಮಾನಿಗಳದ್ದೇ ಅಂತ ಇವನು ಹೇಳಿದ. ಕೊನೆಗೆ 703ಕ್ಕೆ ನಿಲ್ಲಿಸಿದ. ಆ ವರ್ಷ ತಂಡ ಕಪ್ಪು ಗೆಲ್ಲಲಿಲ್ಲ. ಅಕ್ಟೋಬರ್ 8ರಂದು ಫಿಲಡೆಲ್ಫಿಯಾ ಎದುರು ಸೋತು ಮನೆಗೆ ಹೋದರು. ಇವನು ಕೊನೆಯ ಸಲ ಬ್ಯಾಟ್ ಹಿಡಿದಾಗ ಒಂದು ಸಣ್ಣ ಹಿಟ್ ಹೊಡೆದು ಮೊದಲ ಬೇಸಿಗೆ ತಲುಪಿದ. ಓಡಲು ಎಳೆಯ ಹುಡುಗನನ್ನು ಕಳಿಸಿದರು. ಇವನು ಒಳಗೆ ಬಂದ. ಅಷ್ಟೇ.

ಈಗ ದೇವಸ್ಥಾನದ ವಿಷಯ.

2023ರಲ್ಲಿ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಬ್ರಹ್ಮಕಲಶ ಇತ್ತು. ನಾನು ಶಕ್ತಿಗೆ ಮೀರಿ ಅಲ್ಲದಿದ್ದರೂ ಶಕ್ತಿಗೆ ತಕ್ಕಷ್ಟು ಕೊಟ್ಟಿದ್ದೆ. ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಹೋದೆ. ಅಮೃತಶಿಲೆಯ ಫಲಕದಲ್ಲಿ ನನ್ನ ಹೆಸರು ಕೆಳಗಿನಿಂದ ಮೂರನೇ ಸಾಲಿನಲ್ಲಿ, ಅದೂ ಇನಿಷಿಯಲ್ ತಪ್ಪಾಗಿ. ವೇದಿಕೆಯಲ್ಲಿ ಮುಂಬಯಿಯ ಮೂರು ನಾಲ್ಕು ಹೋಟೆಲಿನವರಿಗೆ ಶಾಲು ಹೊದಿಸಿದರು. ನನ್ನನ್ನು ಮೇಲೆ ಕರೆಯಲೇ ಇಲ್ಲ. ಮುಖ ಊದಿಸಿಕೊಂಡು ಸಂತರ್ಪಣೆಯ ಊಟಕ್ಕೂ ನಿಲ್ಲದೆ ಮನೆಗೆ ಬಂದೆ. ಐವತ್ತು ದಾಟಿದ ಮನುಷ್ಯ, ಸಾಲದ ಫೈಲುಗಳಿಗೆ ಸಹಿ ಹಾಕುವವನು, ಶಾಲಿಗಾಗಿ ಊಟ ಬಿಟ್ಟೆ! ಬರೆಯಲಿಕ್ಕೆ ನಾಚಿಕೆಯಾಗುತ್ತದೆ.

ಸಂಜೆ ಅಣ್ಣ ಬಂದು ಜಗಲಿಯಲ್ಲಿ ಕೂತ. ಅವನಿಗೆ ಯಾರೋ ಹೇಳಿದ್ದರು. "ಎಂಟು ದಿನ ಹಗಲೂ ರಾತ್ರಿ ಪಾತ್ರೆ ತೊಳದ್ರಲ್ಲ, ಅವ್ರ ಹೆಸ್ರ್ ಯಾವ ಸಾಲಗಿತ್ತ್?" ಅಂತ ಕೇಳಿದ. ನಾನು ಮಾತಾಡಲಿಲ್ಲ. ನಿವೃತ್ತಿಯಾದ ಮೇಲೆ ಊರಿಗೆ ಬಂದು ಇರುತ್ತೇನೆ ಅಂತ ಹಿಂದೊಮ್ಮೆ ನಾನು ಅವನಿಗೆ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದ. "ನೀ ಬಂದ್ರೆ ಒಂದ್ ಎಲೆ ಜಾಸ್ತಿ ಹಾಕುದ್ ಕಷ್ಟ ಅಲ್ಲ. ಆರೆ ಇಲ್ಲ್ ಬಂದ್ ಎಂತ ಮಾಡ್ತೆ?"

ಈ ಪ್ರಶ್ನೆ ಆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ಬೈಗುಳದ ಹಾಗೆ ಕೇಳಿಸಿತ್ತು. ಬಾಗಿಲು ಹಾಕಿದ ಅಂದುಕೊಂಡೆ. ಬೆಳಗಿನ ಜಾವ ನೆನಪಾದದ್ದು ಪುಹೋಲ್ಸ್. ಅಣ್ಣ ಬಾಗಿಲು ಹಾಕಿರಲಿಲ್ಲ ಮಾರಾಯ್ರೆ. ಎಲೆ ಹಾಕುತ್ತೇನೆ ಅಂತ ಮೊದಲೇ ಹೇಳಿದ್ದ. ಯಾವ ಜಾಗದಲ್ಲಿ ಆಡುತ್ತೀಯ ಅಂತ ಮಾತ್ರ ಕೇಳಿದ್ದ.

ನಾವು ವಲಸೆ ಹೋದವರು ಒಂದು ತಪ್ಪು ಮಾಡುತ್ತೇವೆ ಅಂತ ನನಗೆ ಅನ್ನಿಸುತ್ತದೆ. ನಾವು ಊರಿಗೆ ಕಳಿಸಿದ ದುಡ್ಡನ್ನೇ ಗುಡ್‌ವಿಲ್ ಅಂದುಕೊಳ್ಳುತ್ತೇವೆ. ಅದು ಕೊಂಡ ಗುಡ್‌ವಿಲ್. ರಸೀದಿ ಇದೆ, ಫಲಕದಲ್ಲಿ ಸಾಲು ಇದೆ, ನಾಲ್ಕು ವರ್ಷಕ್ಕೆ ಸವೆಯುತ್ತದೆ. ನಾವು ಊರಲ್ಲಿ ಇದ್ದಾಗ ಗಳಿಸಿದ್ದು ಬೇರೆ. ಪಕ್ಕದ ಮನೆಯ ಮುದುಕಿಗೆ ಪಿಂಚಣಿ ಅರ್ಜಿ ಬರೆದುಕೊಟ್ಟದ್ದು, ಮದುವೆ ಮನೆಯಲ್ಲಿ ಬಡಿಸಿದ್ದು, ಯಕ್ಷಗಾನದ ರಂಗಸ್ಥಳಕ್ಕೆ ಕಂಬ ಹುಗಿದದ್ದು. ಅದಕ್ಕೆ ರಸೀದಿ ಇಲ್ಲ. ಆದರೆ ಇವತ್ತಿಗೂ ಹಳಬರು ನನ್ನನ್ನು ಗುರುತಿಸುವುದು ಆ ಅರ್ಜಿ ಬರೆದ ಹುಡುಗ ಅಂತಲೇ. ಪುಹೋಲ್ಸ್‌ಗೆ ಜನ ಎದ್ದು ನಿಂತದ್ದು ಮೊದಲಿನ ಹನ್ನೊಂದು ವರ್ಷಕ್ಕೆ. ಆ ಹನ್ನೊಂದು ವರ್ಷವನ್ನೇ ತೋರಿಸಿ ಅವನು ಇನ್ನೊಂದು ದೊಡ್ಡ ಸಂಬಳ ಕೇಳಿದ್ದರೆ ಎದ್ದು ನಿಲ್ಲುತ್ತಿದ್ದರೋ ಇಲ್ಲವೋ.

ಊರಿನವರಿಗೂ ಒಂದು ಮಾತು ಹೇಳಬೇಕು. ಬಿಟ್ಟು ಹೋದವನು ಅಂತ ಮುಖ ತಿರುಗಿಸಬೇಡಿ. ನಮ್ಮ ಕರುಣ್ ನಾಯರ್ 2016ರಲ್ಲಿ ಚೆನ್ನೈಯಲ್ಲಿ 303 ಹೊಡೆದವನು. ಮುಂದೆ ಕರ್ನಾಟಕ ತಂಡದಲ್ಲೇ ಜಾಗ ಇಲ್ಲದೆ ವಿದರ್ಭಕ್ಕೆ ಹೋದ. 2025ರಲ್ಲಿ ವಿದರ್ಭ ರಣಜಿ ಟ್ರೋಫಿ ಗೆದ್ದಾಗ ಫೈನಲಿನಲ್ಲಿ ಶತಕ ಹೊಡೆದ. ಅದೇ ವರ್ಷ ಮತ್ತೆ ಕರ್ನಾಟಕಕ್ಕೆ ಬಂದ. ಹೋದಲ್ಲಿ ಕಲಿತದ್ದನ್ನು ತಂದವನು ಅವನು. ಹೊರಗೆ ದುಡಿದವನು ಖಾಲಿ ಕೈಯಲ್ಲಿ ಬರುವುದಿಲ್ಲ, ಏನಾದರೂ ಒಂದು ಕಸುಬು ಕಲಿತು ಬರುತ್ತಾನೆ. ಶಾಲು ಹೊದಿಸಿ ಕಳಿಸಿಬಿಡುವುದು ಸುಲಭ. ಕೆಲಸ ಕೊಟ್ಟು ಕೂರಿಸಿಕೊಳ್ಳಿ.

ಇನ್ನೊಂದು ಉದಾಹರಣೆ ನನಗೆ ಯಾವಾಗಲೂ ಹಿಡಿಸುತ್ತದೆ. ದ್ರಾವಿಡ್ ಅವರನ್ನು 2011ರಲ್ಲಿ ಎರಡು ವರ್ಷದ ಮೇಲೆ ಒಂದು ದಿನದ ಪಂದ್ಯಗಳಿಗೆ ಮತ್ತೆ ಕರೆದರು. ಬರುತ್ತೇನೆ, ಆದರೆ ಈ ಸರಣಿಯೇ ಕೊನೆ ಅಂತ ಅಂದೇ ಹೇಳಿದರು. ಅದೇ ಪ್ರವಾಸದಲ್ಲಿ ಮ್ಯಾಂಚೆಸ್ಟರಿನಲ್ಲಿ ತಮ್ಮ ಬದುಕಿನ ಒಂದೇ ಒಂದು ಅಂತರರಾಷ್ಟ್ರೀಯ ಟಿ-20 ಆಡಿ ಸಾಲಾಗಿ ಮೂರು ಸಿಕ್ಸರ್ ಹೊಡೆದರು. ಬರುವ ದಿನವೇ ಹೋಗುವ ದಿನವನ್ನೂ ಹೇಳಿದವನಿಗೆ ಯಾರ ಜಾಗವನ್ನೂ ಕಸಿದ ಅಪವಾದ ಬರುವುದಿಲ್ಲ. ಅಳಿಯನ 'ಹೊಸ ಹುಡುಗನ ಜಾಗ' ಎಂಬ ತಕರಾರಿಗೆ ನನ್ನ ಹತ್ತಿರ ಇರುವ ಉತ್ತರ ಇದೇ.

ಕಳೆದ ವರ್ಷ ರಜೆಯಲ್ಲಿ ಹತ್ತು ದಿನ ಊರಿಗೆ ಹೋಗಿದ್ದೆ. ಈ ಸಲ ದೇವಸ್ಥಾನದ ಕಾರ್ಯದರ್ಶಿಯ ಹತ್ತಿರ ಹೋಗಿ 'ಏನಾದರೂ ಕೆಲಸ ಇದೆಯಾ' ಅಂತ ಕೇಳಿದೆ. ಮೂವತ್ತರ ಹುಡುಗ, ನನ್ನ ಜೊತೆ ಓದಿದವನ ಮಗ. ಅವನು ಸ್ವಲ್ಪ ಸಂಶಯದಿಂದಲೇ ನೋಡಿ, ಒಳಗಿನಿಂದ ಅಕ್ಕಿ ಚೀಲದಷ್ಟು ದೊಡ್ಡ ಚೀಲ ತಂದು ಮುಂದಿಟ್ಟ. ಜೀರ್ಣೋದ್ಧಾರದ ಬಿಲ್ಲು, ವೋಚರು, ಹರಿದ ಚೀಟಿ ಎಲ್ಲ ಅದರಲ್ಲಿ. "ಆಡಿಟ್ ಆಗಬೇಕು, ಯಾರಿಗೂ ಪುರುಸೊತ್ತಿಲ್ಲ ಅಂಕಲ್" ಅಂದ. ಫ್ಯಾನಿಲ್ಲದ ಕೋಣೆಯಲ್ಲಿ ಎಂಟು ದಿನ ಕೂತೆ. ದಿನಾಂಕದ ಪ್ರಕಾರ ಜೋಡಿಸಿ, ಲೆಡ್ಜರ್ ಬರೆದು, ಸಿಮೆಂಟಿನ ಒಂದು ಬಿಲ್ಲು ಎರಡು ಸಲ ಏರಿದ್ದನ್ನು ಹಿಡಿದೆ. ಒಂಬತ್ತನೇ ದಿನ ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು. ಯಾರೂ ಶಾಲು ಹೊದಿಸಲಿಲ್ಲ. ಅಡುಗೆಯವರು ಮಧ್ಯಾಹ್ನದ ಊಟಕ್ಕೆ ಮಾತ್ರ ಮರೆಯದೆ ಕರೆಯುತ್ತಿದ್ದರು. ಹೋಗುತ್ತಿದ್ದೆ.

ಈಗ ಆ ಹುಡುಗ ತಿಂಗಳಿಗೊಮ್ಮೆ ಫೋನು ಮಾಡಿ ಸಂಶಯ ಕೇಳುತ್ತಾನೆ. "ಅಂಕಲ್, ರಿಟೈರ್ ಯಾವಾಗ?" ಅಂತಲೂ ಕೇಳಿದ. ಇನ್ನು ಮೂರು ವರ್ಷ ಅಂದೆ. ಅಣ್ಣನಿಗೆ ಈ ವಿಷಯ ತಿಳಿದಿದೆ. ಅವನು ಏನೂ ಹೇಳಲಿಲ್ಲ, ಮೂಡು ಬದಿಯ ಕೋಣೆಗೆ ಹೆಂಚು ಬದಲಾಯಿಸಿದ್ದಾನೆ ಅಂತ ಅತ್ತಿಗೆ ಹೇಳಿದರು. ಫಲಕದಲ್ಲಿ ನನ್ನ ಇನಿಷಿಯಲ್ ಇನ್ನೂ ತಪ್ಪಾಗಿಯೇ ಇದೆ.

ನಿಮ್ಮಲ್ಲಿ ಎಷ್ಟೋ ಜನರಿಗೆ ನನ್ನ ಹಾಗೆ ಎರಡು ಮೂರು ವರ್ಷ ಉಳಿದಿರಬಹುದು. ಊರಿಗೆ ಮರಳುವ ಮಾತು ಮನೆಯಲ್ಲಿ ಆಗಾಗ ಬರುತ್ತಿರಬಹುದು. ನಿಮ್ಮ ಅಣ್ಣನೋ ತಮ್ಮನೋ 'ಬಂದು ಏನು ಮಾಡುತ್ತೀ' ಅಂತ ಕೇಳಿದರೆ ನನ್ನ ಹಾಗೆ ಸಿಟ್ಟಾಗಬೇಡಿ. ಒಂದು ಉತ್ತರ ಹುಡುಕಿಟ್ಟುಕೊಳ್ಳಿ.